ಪರಂಗಿ ತೋಟದ ಮೈಲಿಗೆ

ಅವ್ವಾ,

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ನೀನಿದ್ದಿದ್ದರೆ "ಇರ್ಲಿ ಬುಡು ಮಗಾ" ಅನ್ನುತ್ತಿದ್ದೆ. ಇರಲಿ ಇರಲಿ ಅಂತಲೇ ಅಲ್ಲವೇ, ಹನ್ನೆರಡು ವರ್ಷ ಆ ಮಾತು ಹೊತ್ತುಕೊಂಡೇ ಸತ್ತದ್ದು?

ದೊಡ್ಡೇರಿಯಲ್ಲಿ ಅಪ್ಪನೂ ದೊಡ್ಡಪ್ಪನೂ ಸೇರಿ ಇಟ್ಟ ಮೊದಲ ಪರಂಗಿ ತೋಟ ನೆನಪಿದೆಯಾ? ಕಾಯಿ ಕಟ್ಟುವ ಹೊತ್ತಿಗೆ ಎಲೆಗಳೆಲ್ಲ ಹಳದಿ ಮಚ್ಚೆಯಾಗಿ, ಸೊರಗಿ ದಾರದಂತಾದವು. ಕಾಯಿಯ ಮೇಲೆ ಉಂಗುರದಂಥ ಗುರುತು. ಮುಟ್ಟಾಗಿದ್ದ ದಿನವೂ ನೀನು ನೀರು ಕಟ್ಟಲು ಹೋಗಿದ್ದೆ ಅಂತ ದೊಡ್ಡಪ್ಪನಿಗೆ ಗೊತ್ತಾಯಿತು. ಜಗಲಿಯ ಮೇಲೆ ನಿಂತು, ಬೀದಿಗೆಲ್ಲ ಕೇಳುವ ಹಾಗೆ, "ಇವ್ಳ ಮೈಲಿಗೆಯಿಂದ್ಲೇ ತೋಟ ಹಾಳಾಯ್ತು ಕಣ್ರೋ" ಅಂದ. ಅಪ್ಪ ತಲೆ ತಗ್ಗಿಸಿದ. ನೀನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದೆ. ಆಮೇಲೆ ಸಾಯುವ ತನಕ ಆ ತೋಟಕ್ಕೆ ಕಾಲಿಡಲಿಲ್ಲ. ಯಾಕವ್ವಾ, ಒಂದೇ ಒಂದು ಮಾತು ತಿರುಗಿ...

ಈ ವರ್ಷ ದೊಡ್ಡಪ್ಪ ಮತ್ತೆ ಪರಂಗಿ ಹಾಕಿದ. ಮತ್ತೆ ಅದೇ ರೋಗ. ಹೋದ ವಾರ ತೋಟಗಾರಿಕೆ ಇಲಾಖೆಯ ಮೇಡಂ ನೋಡಲು ಬಂದಾಗ ನಾನೂ ಅಲ್ಲಿದ್ದೆ. ಪರಂಗಿ ಸಾಲುಗಳ ನಡುವಿನ ಸೌತೆಬಳ್ಳಿಯ ಎಲೆ ಮಗುಚಿ, ಸಾಸಿವೆಗಿಂತ ಸಣ್ಣ ಸಸ್ಯಹೇನುಗಳನ್ನು ತೋರಿಸಿದರು.

"ಇದು ವೈರಸ್ಸು. ರೋಗದ ಗಿಡದ ರಸ ಹೀರಿದ ಹೇನು ಪಕ್ಕದ ಗಿಡಕ್ಕೆ ಹಾರಿ ಒಂದ್ಸಲ ಚುಚ್ಚಿದ್ರೆ ಸಾಕು, ಅಂಟ್ಕೊಳ್ಳುತ್ತೆ. ಔಷಧಿ ಹೊಡೆಯೋದ್ರೊಳಗೆ ಹರಡಿರುತ್ತೆ. ಸೌತೆಯಲ್ಲೂ ಈ ವೈರಸ್ಸು ಇರ್ಬಹುದು. ಪರಂಗಿ ನಡುವೆ ಇದನ್ನ ಯಾರು ಹಾಕಿದ್ದು?"

ಯಾರು ಹಾಕಿದ್ದು! ಅವತ್ತೂ ಸೌತೆ ಹಾಕಿದವನು ದೊಡ್ಡಪ್ಪನೇ. ರೋಗದ ಗಿಡ ಕೀಳಬೇಡಿ, ಇನ್ನೊಂದೆರಡು ಕಾಯಿ ಬರಲಿ ಅಂದವನೂ ಅವನೇ.

"ದೊಡ್ಡಪ್ಪಾ, ಈ ಸಲ ಯಾವ ಹೆಂಗ್ಸಿನ ಮೈಲಿಗೆ?" ಅಂದೆ.

"ಅವಾಗ ನಂಗೇನ್ ಗೊತ್ತಿತ್ತು ಕಣಮ್ಮ? ಹೋದೋಳ ಸುದ್ದಿ ಈಗ್ಯಾಕೆ, ಬುಡು."

"ಬುಡಲ್ಲ. ಬೀದಿಗೆಲ್ಲ ಕೇಳೋ ಹಂಗೆ ಅಂದಿದ್ದೆ. ಹಂಗೇ ತಪ್ಪಾಯ್ತು ಅನ್ನು."

ಅನ್ನಲಿಲ್ಲ ಅವ್ವಾ. ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ, ಅಷ್ಟೇ.

ರೋಗದ ಗಿಡಗಳನ್ನು ಇವತ್ತೇ ಕಿತ್ತು ಹೂಳಬೇಕು ಅಂದರು ಮೇಡಂ. ಆಳುಗಳಿಗಿಂತ ಮುಂಚೆ ನಾನೇ ಸೆರಗು ಸಿಕ್ಕಿಸಿ ಇಳಿದೆ. "ನಂಗೆ ಇವತ್ತು ಎರಡನೇ ದಿನ, ಎಲ್ರೂ ಕೇಳಿಸ್ಕಳಿ" ಎಂದು ಕೂಗಿ ಹೇಳಿಯೇ ಇಳಿದೆ. ದೊಡ್ಡಪ್ಪ ಬದುವಿನ ಮೇಲೆ ನಿಂತಿದ್ದ.

ಮುಂದಿನ ತಿಂಗಳು ನಿನ್ನ ತಿಥಿ. ಊರೆಲ್ಲ ಊಟಕ್ಕೆ ಬರುತ್ತದೆ. ಎಲೆಗೆ ಬಡಿಸುವ ಮೊದಲು ನಾನು ಎದ್ದು ನಿಂತು ಹೇಳುತ್ತೇನೆ, ಕೊನೇ ಪಂಕ್ತಿಯವರಿಗೂ ಕೇಳುವ ಹಾಗೆ: ತೋಟ ಕೆಡಿಸಿದ್ದು ನಮ್ಮವ್ವ ಅಲ್ಲ.

ನಿನ್ನ ಮಗಳು