ಬಲಕ್ಕೆ ನಡೆಯುವವನು

ಜೂನ್ ೨೨, ಸೋಮವಾರ

ಪ್ರೀತಿಯ ಮೋಟು,

ನೀನು ಕ್ಷೇಮವೆಂದು ನಂಬಿದ್ದೇನೆ. ನಿನ್ನ ಹೆಂಡತಿಯ ಬೆನ್ನುನೋವು ಹೇಗಿದೆ? ಮಗಳು ಈಗಲೂ ಊಟದ ತಟ್ಟೆಯ ಪಕ್ಕ ಪುಸ್ತಕ ಬಿಡಿಸಿಟ್ಟುಕೊಂಡೇ ಕೂರುತ್ತಾಳಾ? ಊರಿನವರ ಹಲ್ಲು ಕೀಳುವ ಡಾಕ್ಟರನ್ನು, ಹೊಟ್ಟೆ ಬಂದು ತಲೆ ನರೆತವನನ್ನು ಇನ್ನೂ ಮೋಟು ಎಂದು ಕರೆಯುತ್ತಿದ್ದೇನೆ. ಏನು ಮಾಡಲಿ, ನಿನ್ನ ದೊಡ್ಡ ಹೆಸರು ನನ್ನ ಕೈಗೆ ಬರುವುದಿಲ್ಲ.

ನಿನ್ನ ಕಾಗದಕ್ಕೆ ಇಷ್ಟು ತಡವಾಗಿ ಉತ್ತರಿಸುತ್ತಿದ್ದೇನೆ, ಬೈದುಕೊಂಡಿದ್ದರೆ ಬೈದುಕೋ. ಕೊನೆಯಲ್ಲಿ ಒಂದು ಸಾಲು ಬರೆದಿದ್ದೆಯಲ್ಲ, "ದೊರೆಯ ಆ ವಿಡಿಯೊ ಗೇಮ್ ಡಬ್ಬ ಏನಾಯ್ತಕ್ಕ?" ಎಂದು. ತಡವಾದದ್ದು ಆ ಸಾಲಿನಿಂದಲೇ.

ಮನೆ ಬದಲಿಸುವಾಗ ಎಲ್ಲೋ ಕಳೆದುಹೋಯಿತು ಎಂದು ಬರೆದುಬಿಡುವವಳಿದ್ದೆ. ನನ್ನ ತಮ್ಮನ, ನಿನ್ನ ಆ ಗೆಳೆಯನ ವಸ್ತು ಒಂದೂ ನಮ್ಮ ಮನೆಯಲ್ಲಿ ಉಳಿದಿಲ್ಲವೆಂದೇ ತಿಳಿದಿದ್ದೆ. ಅವನು ಜ್ವರದಲ್ಲಿ ಹೋದ ವಾರವೇ ಅಮ್ಮ ಅವನ ಬಟ್ಟೆ, ಚಪ್ಪಲಿ, ಶಾಲೆಯ ಚೀಲ ಎಲ್ಲವನ್ನೂ ಕೊಟ್ಟುಬಿಟ್ಟಿದ್ದಳು. ಅಳಲೂ ಇಲ್ಲ. ಎಂಥ ಕಲ್ಲು ಮನಸ್ಸು ಎಂದು ನೆಂಟರು ಅಡುಗೆಮನೆಯಲ್ಲಿ ಪಿಸುಗುಟ್ಟಿದ್ದು ನನಗೆ ಕೇಳಿಸಿತ್ತು. ಅಂದು ನಿನ್ನ ಕಾಗದ ಓದುವಾಗ ಅಮ್ಮ ಎದುರಿಗೆ ಬಟ್ಟೆ ಮಡಿಸುತ್ತಿದ್ದಳು. ನಾನು ಆ ಸಾಲನ್ನು ಸುಮ್ಮನೆ ಗಟ್ಟಿಯಾಗಿ ಓದಿದೆ.

"ಯಾರು ಕೇಳಿದ್ದು?" ಎಂದಳು.

"ಮೋಟು."

ಕೈಯಲ್ಲಿದ್ದ ದಿಂಬಿನ ಚೀಲವನ್ನು ಮಡಿಸಿ, ಬಿಡಿಸಿ, ಮತ್ತೆ ಮಡಿಸಿದಳು. "ನನ್ನ ಬೀರುವಿನ ಕೆಳಗಿನ ಖಾನೇಲಿದೆ. ತೆಗೆದು ನೋಡು. ಈಗ ನಡೆಯೋದಿಲ್ಲ ಅದು."

ಈಗ ನಡೆಯುವುದಿಲ್ಲ ಎಂದಳು. ಆ 'ಈಗ' ನನ್ನ ಕಿವಿಯಲ್ಲಿ ಉಳಿಯಿತು. ಕಿವಿ ಮೆಷಿನ್ ರಿಪೇರಿಯೇ ನನ್ನ ಹೊಟ್ಟೆಪಾಡು ನೋಡು, ಸಣ್ಣ ಸದ್ದು ಬೇಗ ಹಿಡಿಯುತ್ತದೆ.

ಹಳೆಯ ಟವೆಲ್ಲಿನಲ್ಲಿ ಸುತ್ತಿಟ್ಟಿದ್ದಳು. ಬೂದು ಬಣ್ಣದ ಪ್ಲಾಸ್ಟಿಕ್ಕು ಹಳದಿ ತಿರುಗಿದೆ. ಕ್ಯಾಸೆಟ್ ಒಳಗೇ ಇತ್ತು, ನಿಮ್ಮಿಬ್ಬರ ಅದೇ ಆಟ. ಜೊತೆಗೆ ಎರಡು ರಿಮೋಟು, ವೈರು ನೀಟಾಗಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದವು. ಆ ವಾರದ ಭಾನುವಾರ ಊಟದ ಮೇಜಿನ ಮೇಲೆ ಪೇಪರು ಹಾಸಿ, ಅಂಗಡಿಯಿಂದ ತಂದ ಸೋಲ್ಡರ್ ಕಡ್ಡಿ, ಭೂತಗನ್ನಡಿ ಇಟ್ಟುಕೊಂಡು ಸ್ಕ್ರೂ ಬಿಚ್ಚಿದೆ. ವರ್ಷಗಟ್ಟಲೆಯ ಧೂಳು ಇರುತ್ತದೆಂದು ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದೆ. ಧೂಳೇ ಇರಲಿಲ್ಲ. ಕೆಪಾಸಿಟರುಗಳು ಉಬ್ಬಿ ಸೋರಿದ್ದವು, ಅದು ವಯಸ್ಸಿಗೆ ಆಗುವುದೇ. ಕ್ಯಾಸೆಟ್ಟು ಕೂರುವ ಕಡೆಯ ಪಿನ್ನುಗಳು ಸಡಿಲವಾಗಿದ್ದವು. ಅದು ವಯಸ್ಸಿಗೆ ಆಗುವುದಲ್ಲ. ಹಾಕಿ ತೆಗೆದು, ಹಾಕಿ ತೆಗೆದು ಆಗುವುದು.

ಆಮೇಲೆ ರಿಮೋಟು ಬಿಚ್ಚಿದೆ. ಬಟನ್ನಿನ ಕೆಳಗೆ ಮೆತ್ತನೆಯ ರಬ್ಬರು ಇರುತ್ತದೆ, ಅದರ ಅಡಿಯಲ್ಲಿ ಕಪ್ಪು ಚುಕ್ಕೆ. ಒತ್ತಿದಾಗ ಆ ಚುಕ್ಕೆ ಬೋರ್ಡಿಗೆ ತಾಗಿ ಆಟದೊಳಗಿನವನು ಓಡುತ್ತಾನೆ, ಹಾರುತ್ತಾನೆ. ಮೊದಲನೆಯ ರಿಮೋಟಿನಲ್ಲಿ ಒಂದು ಚುಕ್ಕೆಯೂ ಉಳಿದಿರಲಿಲ್ಲ. ಎಲ್ಲ ತಿಕ್ಕಿ ಬೋಳಾಗಿ, ರಬ್ಬರು ಹರಿದುಹೋಗಿತ್ತು. ಎರಡನೆಯದರಲ್ಲಿ ಎಲ್ಲ ಬಟನ್ನೂ ಹೊಸದರ ಹಾಗೆಯೇ ಇದ್ದವು, ಒಂದನ್ನು ಬಿಟ್ಟು. ಬಲಕ್ಕೆ ಹೋಗುವ ಬಾಣದ ಗುರುತು ಮಾತ್ರ ಸವೆದು, ಪ್ಲಾಸ್ಟಿಕ್ಕೇ ಗುಳಿ ಬಿದ್ದಿತ್ತು. ಆ ರಿಮೋಟಿನ ಬೆನ್ನು ನೆಲಕ್ಕೆ ಉಜ್ಜಿ ಉಜ್ಜಿ ಒರಟಾಗಿತ್ತು.

ನೀವು ಆಡಿದ್ದು ಒಂದು ಚಳಿಗಾಲ, ಒಂದು ಬೇಸಿಗೆ. ಬೇಸಿಗೆ ಮುಗಿಯುವ ಮೊದಲೇ ದೊರೆ ಹೋದ. ಎಷ್ಟೇ ತುಂಟರಾಗಿದ್ದರೂ ಅಷ್ಟರಲ್ಲಿ ಹೀಗೆ ಸವೆಸುವುದಕ್ಕೆ ಆಗುವುದಿಲ್ಲ ಮೋಟು. ಇದು ವರ್ಷಗಳ ಸವೆತ. ನಡು ಮಧ್ಯಾಹ್ನ, ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು. ಆದರೂ ಎದ್ದು ಹೋಗಿ ದೀಪ ಹಾಕಿ ಬಂದು ಕೂತೆ.

ನಿನಗೆ ಎಂದೂ ಹೇಳದ ಒಂದು ಮಾತಿದೆ. ದೊರೆ ಹೋದ ಮೇಲೆ, ಕಾಲೇಜಿನಿಂದ ಬೇಗ ಬಂದ ದಿನಗಳಲ್ಲಿ, ನಮ್ಮ ಹಳೆಯ ಮನೆಯ ಮೆಟ್ಟಿಲ ಮೇಲೆ ಆ ಆಟದ ಸಂಗೀತ ನನಗೆ ಕೇಳಿಸುತ್ತಿತ್ತು. ಬಾಗಿಲು ತಟ್ಟಿದ ಕೂಡಲೇ ನಿಂತುಹೋಗುತ್ತಿತ್ತು. ಅಮ್ಮ ಬಂದು ಬಾಗಿಲು ತೆಗೆಯುತ್ತಿದ್ದಳು, ಒಳಗೆ ಯಾರೂ ಇಲ್ಲ. ನನ್ನ ತಲೆ ಕೆಡುತ್ತಿದೆಯೆಂದು ಹೆದರಿ ಯಾರಿಗೂ ಬಾಯಿಬಿಡಲಿಲ್ಲ. ಅಪ್ಪನೂ ಕೆಲಸದಿಂದ ಬಂದವರು ಟಿವಿಯ ಬೆನ್ನ ಮೇಲೆ ಅಂಗೈ ಇಟ್ಟು ಒಂದು ಗಳಿಗೆ ನಿಲ್ಲುತ್ತಿದ್ದರು. ಯಾಕೆಂದು ಆಗ ತಿಳಿಯಲಿಲ್ಲ. ಬೆಚ್ಚಗಿರುತ್ತಿತ್ತೋ ಏನೋ. ಅವರೂ ಏನನ್ನೂ ಕೇಳದೆಯೇ ಹೋಗಿಬಿಟ್ಟರು.

ನಾನು ಭೂತಗನ್ನಡಿ ಹಿಡಿದು ಕೂತಿದ್ದಾಗ ಅಮ್ಮ ಹಿಂದಿನಿಂದ ಬಂದಳು. "ಕ್ಯಾಸೆಟ್ನ ಪೂರ್ತಿ ಒತ್ತಬೇಡ. ಒಂದು ಕೂದಲಷ್ಟು ಮೇಲಕ್ಕೆ ಬಿಡು. ಇಲ್ಲಾಂದ್ರೆ ಗೆರೆಗೆರೆ ಬರುತ್ತೆ."

ನಾನು ತಿರುಗಿ ನೋಡಿದೆ. ಎಪ್ಪತ್ತು ದಾಟಿದ ನನ್ನ ತಾಯಿ, ಮೊಬೈಲಿನಲ್ಲಿ ಹಸಿರು ಬಟನ್ ಬಿಟ್ಟು ಬೇರೆ ಮುಟ್ಟದವಳು.

"ನೀನು ಆಡ್ತಿದ್ಯಾ ಅಮ್ಮ?"

"ಹೂಂ."

"ಎಷ್ಟು ದಿನ?"

"ಅದು ಕೆಡೋವರೆಗೂ. ನಿನ್ನ ಮದುವೆ ಮಾತು ಮುರೀತಲ್ಲ, ಆ ವರ್ಷ ಕೆಡ್ತು." ಹವಾಮಾನದ ಸುದ್ದಿ ಹೇಳುವ ಹಾಗೆ ಹೇಳಿದಳು. "ಇಬ್ಬರೂ ಜೊತೆಗೇ ಹೋಗ್ಬೇಕಲ್ಲ ಅದರಲ್ಲಿ. ಒಬ್ಬ ನಿಂತ್ರೆ ಇನ್ನೊಬ್ಬನಿಗೂ ದಾರಿ ಇಲ್ಲ. ಒಬ್ಬನ್ನ ಕೈಯಲ್ಲಿ ಆಡಿಸ್ತಿದ್ದೆ. ಇನ್ನೊಬ್ಬನ್ನ ಕಾಲ ಹೆಬ್ಬೆರಳಲ್ಲಿ ಮುಂದಕ್ಕೆ ತಳ್ತಿದ್ದೆ. ಹಳ್ಳಕ್ಕೆ ಬಿದ್ರೆ ತಾನೇ ಆಚೆ ದಡದಲ್ಲಿ ಎದ್ದು ನಿಲ್ತಿದ್ದ. ಬಿಟ್ಟು ಹೋಗೋಕಾಗುತ್ತಾ?"

ಆಟ ನಿನಗೆ ನೆನಪಿರಬೇಕು. ಕೆಂಪು ಅಂಗಿಯವನು, ನೀಲಿ ಅಂಗಿಯವನು, ಕಾಡು, ಸೇತುವೆ, ಗುಹೆ. ಯಾರು ಯಾವ ಅಂಗಿ ಎನ್ನುವುದು ನನಗೆ ಆಗಲೂ ಗೊತ್ತಿರಲಿಲ್ಲ. ಪರೀಕ್ಷೆ ತಲೆಯ ಮೇಲಿದ್ದವಳು, ನಿಮ್ಮ ಗಲಾಟೆಗೆ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಅಮ್ಮ ಹೆಬ್ಬೆರಳಿನಿಂದ ತಳ್ಳಿಕೊಂಡು ಹೋದವನೇ ದೊರೆ ಎಂದುಕೊಂಡೆ. ಸತ್ತವನನ್ನು ಜೊತೆಯಲ್ಲಿ ಕರೆದುಕೊಂಡು ಹೋಗುತ್ತಿದ್ದಳು ಎಂದುಕೊಂಡೆ. ಏನೂ ಕೇಳದೆ ಮತ್ತೆ ಬೋರ್ಡಿನ ಕಡೆ ಬಗ್ಗಿದೆ.

ಅಲ್ಲಿಂದ ಮುಂದಿನ ವಾರಗಳೆಲ್ಲ ಅದಕ್ಕೇ ಹೋದವು. ಹೊಸ ಕೆಪಾಸಿಟರು ಹಾಕಿದೆ. ಪಿನ್ನುಗಳನ್ನು ಒಂದೊಂದಾಗಿ ಸೂಜಿಯಿಂದ ಎತ್ತಿ ನಿಲ್ಲಿಸಿದೆ. ನೀನು ಹುಳುಕು ಹಲ್ಲು ಕೆರೆಯುವುದೂ ಹೀಗೆಯೇ ಇರಬೇಕು, ಉಸಿರು ಬಿಗಿಹಿಡಿದು. ರಬ್ಬರು ಹುಡುಕಿ ತರಿಸಿದೆ. ನಮ್ಮ ಅಂಗಡಿಯ ಯಜಮಾನರು ತಮ್ಮ ಹಳೆಯ ದಪ್ಪ ಟಿವಿಯನ್ನು ಆಟೋದಲ್ಲಿ ಕಳಿಸಿಕೊಟ್ಟರು. "ನಿಮ್ಗೇನಮ್ಮ, ಈ ವಯಸ್ಸಲ್ಲಿ ಆಟದ ಹುಚ್ಚು?" ಎಂದು ನಕ್ಕರು.

ಹಚ್ಚಿದ ದಿನ ಅಮ್ಮ ತಲೆ ಬಾಚಿ, ಬೇರೆ ಸೀರೆ ಉಟ್ಟು ಬಂದು ಚಾಪೆಯ ಮೇಲೆ ಕೂತಳು. ಸಂಗೀತ ಶುರುವಾಯಿತು. ಮೆಟ್ಟಿಲ ಮೇಲೆ ಕೇಳಿದ್ದೆನಲ್ಲ, ಅದೇ. ಅಮ್ಮ ಮೊದಲನೆಯ ರಿಮೋಟು ಕೈಗೆತ್ತಿಕೊಂಡು ಕೆಂಪು ಅಂಗಿಯವನನ್ನು ನಡೆಸಿದಳು. ಸಂಧಿವಾತದ ಬೆರಳುಗಳು, ಆದರೂ ಎಲ್ಲಿ ಹಾರಬೇಕೋ ಅಲ್ಲಿ ಹಾರಿಸಿದವು. ನೀಲಿಯವನು ಹಿಂದೆ ನಿಂತಿದ್ದ. ಎರಡನೆಯ ರಿಮೋಟು ನೆಲದ ಮೇಲಿತ್ತು. ಕಾಲು ಚಾಚಲು ಅವಳಿಗೆ ಈಗ ಆಗುವುದಿಲ್ಲ. ನಾನೇ ಒತ್ತೋಣವೆಂದು ಬಗ್ಗಿದೆ.

ನಾನು ಮುಟ್ಟುವ ಮೊದಲೇ ನೀಲಿಯವನು ನಡೆದ.

ಬಲಕ್ಕೆ, ನಿಧಾನವಾಗಿ, ಕೆಂಪಿನವನ ಪಕ್ಕದವರೆಗೆ. ಅಲ್ಲಿ ನಿಂತ. ಕೆಂಪಿನವನು ಮುಂದೆ ಹೋದರೆ ತಾನೂ ಹೋದ. ನನ್ನ ಕೈ ಗಾಳಿಯಲ್ಲೇ ನಿಂತಿತ್ತು.

"ಬಂದ," ಎಂದಳು ಅಮ್ಮ. ಹೆದರಲಿಲ್ಲ, ಆಶ್ಚರ್ಯಪಡಲೂ ಇಲ್ಲ. ಹೊತ್ತಾಗಿ ಊಟಕ್ಕೆ ಬಂದವನನ್ನು ನೋಡುವ ಹಾಗೆ ನೋಡಿದಳು.

ನಾನು ಸ್ವಿಚ್ಚು ಆರಿಸಿಬಿಟ್ಟೆ. ಅಮ್ಮ ನನ್ನ ಮುಖ ನೋಡಿ, "ಪಾಪ, ಯಾಕೆ ಓಡಿಸ್ದೆ?" ಎಂದಳು.

ಮಾರನೆಯ ದಿನ ಕೆಲಸಕ್ಕೆ ರಜೆ ಹಾಕಿ ಬೋರ್ಡು ಮತ್ತೆ ಬಿಚ್ಚಿದೆ. ಕಾರಣ ಸಿಕ್ಕಿತು. ಕೆಪಾಸಿಟರಿನಿಂದ ಸೋರಿದ ರಸ ಎರಡನೆಯ ರಿಮೋಟು ಸಿಕ್ಕಿಸುವ ಜಾಗಕ್ಕೆ ಹರಿದು, ಎರಡು ಪಿನ್ನುಗಳ ನಡುವೆ ಹಸಿರು ಪಾಚಿಯ ಹಾಗೆ ಕಟ್ಟಿತ್ತು. ಮೊದಲ ಸಲ ನನ್ನ ಕಣ್ಣಿಗೆ ತಪ್ಪಿತ್ತು. ಬಿಸಿಯಾದಾಗ ಅದರೊಳಗೆ ಕರೆಂಟು ಹರಿದು, ಬಲದ ಬಾಣ ಒತ್ತಿದ್ದಾರೆಂದು ಡಬ್ಬಕ್ಕೆ ಸುಳ್ಳು ಸುದ್ದಿ ಹೋಗುತ್ತಿತ್ತು. ಇಷ್ಟೇ. ನಾನು ಒಬ್ಬಳೇ ಜೋರಾಗಿ ನಕ್ಕುಬಿಟ್ಟೆ.

ತೊಳೆಯದಿದ್ದರೆ ಬೋರ್ಡನ್ನೇ ತಿಂದುಹಾಕುತ್ತದೆ. ಆದರೂ ಅಮ್ಮನಿಗೆ ಹೇಳದೆ ಕೈ ಹಾಕಲು ಮನಸ್ಸು ಬರಲಿಲ್ಲ. ಎಲ್ಲವನ್ನೂ ಬಿಡಿಸಿ ಹೇಳಿದೆ. ತೊಳೆದರೆ ಇನ್ನು ತಾನಾಗಿ ನಡೆಯುವುದಿಲ್ಲ ಎಂದೂ ಹೇಳಿದೆ.

ಅಮ್ಮ ಬಗ್ಗಿ ಬೋರ್ಡನ್ನು ನೋಡಿದಳು. "ಕೊಳೆ ಇದ್ರೆ ತೊಳೀಬೇಕಪ್ಪ," ಎಂದಳು. "ಬರೋನು ಕೊಳೆಯಿಂದ ಬರ್ತಾನಾ?"

ಸ್ಪಿರಿಟ್ಟು ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ. ತಾಮ್ರ ಫಳಫಳ ಹೊಳೆಯಿತು. ಮೀಟರು ಹಿಡಿದು ನೋಡಿದೆ, ಎಳ್ಳಷ್ಟೂ ಸೋರಿಕೆ ಇಲ್ಲ. ಬಿಸಿಗಾಳಿ ಊದಿ ಮತ್ತೆ ನೋಡಿದೆ. ಇಲ್ಲ. ಕಿವಿ ಮೆಷಿನ್ ಆಗಿದ್ದರೆ ಗಿರಾಕಿಯನ್ನು ಧೈರ್ಯವಾಗಿ ಕಳಿಸಿಬಿಡುತ್ತಿದ್ದೆ.

ನಿನ್ನೆ ಭಾನುವಾರ ಮಧ್ಯಾಹ್ನ ಮತ್ತೆ ಹಚ್ಚಿದೆವು. ನನಗೆ ನನ್ನ ಮೇಲೆ ಸಂಶಯ ಉಳಿಯಬಾರದೆಂದು ಎರಡನೆಯ ರಿಮೋಟನ್ನು ಸಿಕ್ಕಿಸಲೇ ಇಲ್ಲ. ಅದು ಮೇಜಿನ ಮೇಲೆ, ವೈರು ಸುತ್ತಿಕೊಂಡು, ನನ್ನ ಕಣ್ಣೆದುರಿಗೇ ಇತ್ತು. ಅಮ್ಮ ಕೆಂಪಿನವನನ್ನು ಮೊದಲ ಸೇತುವೆಯ ತನಕ ಒಯ್ದಳು. ನೀಲಿಯವನು ಕಾಡಿನ ಅಂಚಿನಲ್ಲಿ ಅಲ್ಲಾಡದೆ ನಿಂತಿದ್ದ. ಅಮ್ಮ ರಿಮೋಟನ್ನು ಮಡಿಲಲ್ಲಿ ಇಟ್ಟುಕೊಂಡು ಕಾಯ್ದಳು. ಸಂಗೀತ ಸುತ್ತಿ ಸುತ್ತಿ ಬರುತ್ತಿತ್ತು. ಬೀದಿಯಲ್ಲಿ ಯಾರೋ ಸ್ಕೂಟರ್ ಒದೆಯುತ್ತಿದ್ದರು. ನನಗೆ ಸಮಾಧಾನವಾಗಿತ್ತು, ಜೊತೆಗೆ ಅಮ್ಮನನ್ನು ನೋಡಿ ಪಾಪವೂ ಅನ್ನಿಸುತ್ತಿತ್ತು. "ಸಾಕಮ್ಮ, ಎದ್ದೇಳು, ಕಾಫಿ ಮಾಡ್ತೀನಿ," ಎಂದು ಏಳುತ್ತಿದ್ದೆ.

ಅವನು ನಡೆದ.

ಈ ಸಲ ನಿಧಾನವಾಗಿ ಅಲ್ಲ. ಓಡಿದ. ದಾರಿಯಲ್ಲೊಂದು ಹಳ್ಳ ಬರುತ್ತದೆ, ಅದನ್ನು ಹಾರಿದ. ಕೇಳು ಮೋಟು, ಬಲದ ಬಾಣಕ್ಕೆ ನಾನು ಕಾರಣ ಹೇಳಬಲ್ಲೆ, ಹಾರುವುದಕ್ಕೆ ಹೇಳಲಾರೆ. ಸೇತುವೆಯ ಹತ್ತಿರ ಬಂದು ಕೆಂಪಿನವನ ಪಕ್ಕ ನಿಂತು, ನಿಂತಲ್ಲೇ ಎರಡು ಸಲ ಕುಪ್ಪಳಿಸಿದ. ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಅವಳು ಹಾಗೆ ನಕ್ಕಿದ್ದನ್ನು ನಾನು ದೊರೆ ಇದ್ದಾಗ ನೋಡಿದ್ದು. ಆಮೇಲೆ ಆ ನಗೆ ಅಳುವಾಯಿತು. ಅಷ್ಟು ವರ್ಷದ್ದು ಒಟ್ಟಿಗೇ ಬಂತೇನೋ, ನಾನು ಹಿಡಿದುಕೊಂಡರೂ ನಿಲ್ಲಲಿಲ್ಲ. ಯಾವಾಗ ಟಿವಿ ಆರಿತೋ, ಯಾರು ಆರಿಸಿದೆವೋ ನೆನಪಿಲ್ಲ.

ಇಂದು ಬೆಳಗ್ಗೆ ಡಬ್ಬವನ್ನು ಮತ್ತೆ ಟವೆಲ್ಲಿನಲ್ಲಿ ಸುತ್ತಿದ್ದೇನೆ. ನನ್ನ ಕೈಯಲ್ಲಿ ಮಾಡಬಹುದಾದ ರಿಪೇರಿ ಮುಗಿದಿದೆ. ಅದರೊಳಗೆ ಇನ್ನು ಹುಡುಕುವುದಕ್ಕೆ ನನಗೆ ಧೈರ್ಯವೂ ಇಲ್ಲ, ಮನಸ್ಸೂ ಇಲ್ಲ. ಅಮ್ಮ ಮಾತ್ರ ರಾತ್ರಿ ಹೊಟ್ಟೆ ತುಂಬ ತಿಂದು, ಬಿಸಿಲು ಬಂದರೂ ಏಳದೆ ಮಲಗಿದ್ದಾಳೆ. ಎರಡು ಸಲ ಹೋಗಿ ಉಸಿರಾಡುತ್ತಿದ್ದಾಳಾ ಎಂದು ನೋಡಿಬಂದೆ.

ನಿನ್ನ ಮನೆ ತಣ್ಣಗಿರಲಿ. ಮಗಳು ಚೆನ್ನಾಗಿ ಓದಲಿ, ಊಟದ ಹೊತ್ತು ಬಿಟ್ಟು. ನಿನ್ನ ಕೈ ನಡುಗದಿರಲಿ, ನಿನ್ನ ಹೆಂಡತಿ ನಿನಗಿಂತ ನೆಟ್ಟಗೆ ನಡೆಯಲಿ. ನಿಮ್ಮೆಲ್ಲರಿಗೂ ನನ್ನ ಆಶೀರ್ವಾದ.

ನಿನ್ನ,
ಅಕ್ಕ

ತಾ.ಕ.: ಅಂಚೆಗೆ ಹಾಕಲು ಹೊರಟವಳು ಮತ್ತೆ ಬಿಚ್ಚಿದೆ. ಅಮ್ಮ ಎದ್ದಿದ್ದಾಳೆ. "ನಿನ್ನೆ ದೊರೆ ಹಾರಿದ್ದನ್ನ ಮೋಟುಗೆ ಬರ್ದಿದೀನಿ," ಎಂದೆ. ನನ್ನನ್ನು ವಿಚಿತ್ರವಾಗಿ ನೋಡಿದಳು. "ದೊರೆ ಯಾಕೆ ಬರ್ತಾನೆ? ಅವನು ಕೆಂಪು ಅಂಗಿ. ಅವನು ನನ್ನ ಕೈಯಲ್ಲೇ ಇದ್ನಲ್ಲ, ಯಾವಾಗ್ಲೂ. ನೀಲಿ ಮೋಟೂದು," ಎಂದಳು. ಆಮೇಲೆ, ಇಷ್ಟು ವರ್ಷ ಒಂದು ಸಲವೂ ಬಾಯಿಬಿಡದವಳು ಹೇಳಿದಳು: "ಒಬ್ಬನ್ನ ಜ್ವರ ತಗೊಂಡು ಹೋಯ್ತು. ಇನ್ನೊಬ್ಬ ದಿನಾ ಸಂಜೆ ಬರ್ತಿದ್ದ, ನಮ್ಮನೇಲೇ ತಿಂತಿದ್ದ. ಅವನು ಅವತ್ತು ಗೇಟಿನವರೆಗೆ ಬಂದು, ಜನ ನೋಡಿ ತಿರುಗಿ ಓಡಿದ್ದನ್ನ ನಾನು ಕಿಟಕಿಯಿಂದ ನೋಡ್ದೆ. ಮಗು, ಹೆದರಿರ್ತಾನೆ, ನಾಳೆ ಬರ್ತಾನೆ ಅಂದ್ಕೊಂಡೆ. ಬರ್ಲೇ ಇಲ್ಲ. ನಂಗೆ ಇಬ್ಬರು ಹೋದ್ರು ಕಣೆ. ಒಬ್ಬನ ಬಗ್ಗೆ ಎಲ್ಲರೂ ಕೇಳಿದ್ರು."