ಶಿಕಾರಿಪುರದ ಬಾಗಿಲಿಗೆ ತೂಗುವ ಗಸ್ತು ಪುಸ್ತಕ

ಶಿಕಾರಿಪುರ, ಸೊರಬ ಎರಡೂ ತಾಲ್ಲೂಕುಗಳ ಕಾವಲು ಹೊತ್ತಿರುವ ಮಾನ್ಯ ಪೊಲೀಸ್ ಅಧಿಕಾರಿಗಳೇ,

ನನಗೆ ಹೊಟ್ಟೆಕಿಚ್ಚು. ಶಿಕಾರಿಪುರದ ವ್ಯಾಪಾರಿ ಸದಾಶಿವಪ್ಪನವರ ಆಸ್ತಿಯ ಮೇಲಲ್ಲ, ಅವರ ಬಾಗಿಲಿಗೆ ನೀವು ತೂಗುಹಾಕಿಸಿರುವ ಗಸ್ತು ಪುಸ್ತಕದ ಮೇಲೆ. ದಿನವೂ ಪೇದೆಯೊಬ್ಬರು ಬಂದು ಅದರಲ್ಲಿ ಸಹಿ ಹಾಕಿ ಹೋಗುತ್ತಾರೆ. ಭತ್ತ ಇಳಿಸಲು ಹೋದಾಗ ಕಂಡು, "ಏನು ಕಳುವಾಗಿತ್ರೀ?" ಎಂದು ಕೇಳಿದೆ.

"ಏನೂ ಇಲ್ಲ ಲೋಕಪ್ಪ. ಪೇಪರ್‌ನಾಗೆ ದರೋಡೆ ಸುದ್ದಿ ಓದಿ ನಮ್ಮ ಮನೆಯವ್ರು ಹೆದರಿಬಿಟ್ರು. ಸಾಹೇಬ್ರಿಗೆ ಒಂದು ಮಾತು ಹೇಳ್ದೆ, ಅಷ್ಟೇ ನೋಡ್ರಿ," ಎಂದರು.

ಓದಿ ಹುಟ್ಟಿದ ಭಯಕ್ಕೆ ಇಷ್ಟು ಮರ್ಯಾದೆಯೇ ಸ್ವಾಮಿ? ನಮ್ಮ ಕ್ಯಾಸನೂರಿನ ಕಾಡಂಚಿನಲ್ಲಿ ನನ್ನ ಮೂರು ಕುರಿ ಹಾಡಹಗಲೇ ಕಳುವಾದವು. ದೂರು ಕೊಡಲು ಠಾಣೆಗೆ ಹೋದರೆ, "ಕುರಿ ಕಿವಿ ಮೇಲೆ ನಿನ್ನ ಹೆಸ್ರು ಬರ್ದಿತ್ತೇನೋ? ಚಿರತೆ ತಿಂದಿರ್ಬೇಕು, ಹೋಗು," ಎಂದು ನಕ್ಕು ಕಳಿಸಿದರು. ಕುರಿ ಹೋದ ದಿನ ನಮಗೆ ಬಂದದ್ದು ಸಿಟ್ಟು. ಭಯ ಬಂದದ್ದು ನಾನು ಠಾಣೆಯಿಂದ ಬರಿಗೈಲಿ ಮರಳಿದ ದಿನ. ನಮ್ಮನ್ನು ಕೇಳುವವರಿಲ್ಲವೆಂದು ಊರಿಗೆಲ್ಲ ಗೊತ್ತಾದ ಮೇಲೆ ಕಳ್ಳನಿಗೆ ಗೊತ್ತಾಗದೆ ಇರುತ್ತದೆಯೇ?

ಆಮೇಲೆ ಕಂಡವರೆಲ್ಲ ಕಳ್ಳರಾದರು. ಮಂಗನ ಕಾಯಿಲೆ ಹರಡುವ ಉಣುಗು ಹುಳ ಹಿಡಿಯಲು ಬಂದಿದ್ದ ಸರ್ಕಾರಿ ನೌಕರರೊಬ್ಬರು ಕಾಡಂಚಿನಲ್ಲಿ ಹುಳ ಅಂಟಲೆಂದು ಬಿಳಿ ಬಟ್ಟೆಯೊಂದನ್ನು ನೆಲದ ಮೇಲೆ ಎಳೆಯುತ್ತ ನಡೆಯುತ್ತಿದ್ದರು. ಕುರಿ ಸುತ್ತಿ ಒಯ್ಯುವ ಬಟ್ಟೆಯೆಂದು ತಿಳಿದು ಅವರನ್ನು ಮರಕ್ಕೆ ಕಟ್ಟಿಹಾಕಿದೆವು. ತಪ್ಪು ನಮ್ಮದೇ, ಕಾಲು ಹಿಡಿದು ಕ್ಷಮೆ ಕೇಳಿದ್ದೇವೆ. ಆದರೆ ಅವರನ್ನು ಬಿಡಿಸಲು ಅರ್ಧ ಗಂಟೆಯಲ್ಲಿ ಜೀಪು ಬಂತಲ್ಲ! ನಮ್ಮೂರು ಕಂಡ ನಿಮ್ಮ ಮೊದಲ ಜೀಪು ಅದು. ಕಟ್ಟಿಸಿಕೊಂಡ ಆ ಮನುಷ್ಯನ ಮೇಲೂ ನನಗೆ ಹೊಟ್ಟೆ ಉರಿಯಿತು.

ನನ್ನ ಮಗಳು ರೋಜಾ ಕಾಡುದಾರಿಯಲ್ಲಿ ಶಾಲೆಗೆ ನಡೆದು ಹೋಗುತ್ತಿದ್ದಳು. ಒಂದೂವರೆ ತಿಂಗಳಿಂದ ಮನೆಯಲ್ಲಿದ್ದಾಳೆ. "ಪೊಲೀಸ್ನೋರು ಒಂದ್ಸಲ ಈ ದಾರೀಲಿ ಓಡಾಡ್ಲಿ, ಆಮೇಲೆ ಕಳಿಸ್ತೀನಿ," ಎಂದು ಅವಳ ತಾಯಿ ದ್ಯಾಮಮ್ಮನ ಹಠ. ಮಾರ್ಚಿಗೆ ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆ.

ಸದಾಶಿವಪ್ಪನವರ ಪುಸ್ತಕದ ಸಂಗತಿ ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು. ರೋಜಾ ತನ್ನ ಗಣಿತದ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳಿಗೆ ಗೆರೆ ಹೊಡೆದು, ತಾರೀಕು, ಸಮಯ, ಸಹಿ ಎಂದು ಬರೆದು ನಮ್ಮ ಬಾಗಿಲಿಗೆ ಕಟ್ಟಿದ್ದಾಳೆ. ತಾರೀಕನ್ನು ದಿನವೂ ಅವಳೇ ತುಂಬುತ್ತಾಳೆ. ಸಹಿಯ ಜಾಗ ಖಾಲಿ ಇದೆ.

ಕಾಯಂ ಕಾವಲು ಕೇಳುವುದಿಲ್ಲ. ಪರೀಕ್ಷೆ ಮುಗಿಯುವ ತನಕ ಶಾಲೆಯ ಹೊತ್ತಿಗೆ ಒಬ್ಬ ಪೇದೆಯನ್ನು ಆ ದಾರಿಯಲ್ಲಿ ಕಳಿಸಿ. ಪೆನ್ನು ನಾವೇ ಕೊಡುತ್ತೇವೆ.

ಇಂತಿ,
ಪೇಪರ್ ಓದದೆಯೇ ಹೆದರಿದ
ಲೋಕಪ್ಪ, ಕುರಿ ಸಾಕುವವನು
ಸೊರಬ ತಾಲ್ಲೂಕು, ಜನವರಿ 1996