ಜಗಲಿಯ ಮೇಲಿನ ಲಿಂಗ

ಶಿವಲೀಲಾ,

ನೀನು ನೀರಿಗೆ ಹೋದ ಹೊತ್ತು ನೋಡಿ ಹೊರಟಿದ್ದೇನೆ. ಎದುರು ನಿಂತು ಹೇಳಲು ಮುಖವಿಲ್ಲ. ನಲ್ಲೂರಿನ ಗುರುಬಸವರಾಜ್ ಅವರಲ್ಲಿ ಅಡಿಕೆ ಬೇಯಿಸುವ ಒಲೆಗೆ ಸೌದೆ ಹಾಕುವ ಕೆಲಸ ಸಿಕ್ಕಿದೆ. ಅಪ್ಪ ಕಟ್ಟಿದ ಅಡಿಕೆ ವ್ಯಾಪಾರವನ್ನೆಲ್ಲ ಕುಡಿದು ತೀರಿಸಿದೆ. ಅಲ್ಲಿ ಒಲೆಯ ಮೇಲಿರುವ ತಾಮ್ರದ ಹಂಡೆಗಳೂ ನಮ್ಮವೇ ಆಗಿದ್ದವು. ಕೂಲಿಯನ್ನು ನಿನ್ನ ಕೈಗೇ ಕೊಡಲು ಹೇಳಿದ್ದೇನೆ, ಶನಿವಾರ ಹೋಗಿ ತಗೋ.

ಅವ್ವನ ಮಾತ್ರೆ ಗೂಡಿನಲ್ಲಿದೆ, ಊಟವಾದ ಮೇಲೆ ಕೊಡು. ಸಂಧ್ಯಾರಾಣಿ ಕಾಲೇಜಿಗೆ ನನ್ನ ಛತ್ರಿ ಒಯ್ಯಲಿ. ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆಂದು ಮಗಳು ಮಳೆಯಲ್ಲಿ ನೆನೆಯುವುದು ಬೇಡ.

ಕುಡಿಯಲು ಹೋಗುವಾಗೆಲ್ಲ ಕೊರಳಿನ ಲಿಂಗ ತೆಗೆದು ದೇವರ ಜಗಲಿಯ ಮೇಲಿಟ್ಟು ಹೋಗುತ್ತಿದ್ದೆ. ಅಷ್ಟಾದರೂ ಮರ್ಯಾದೆ ಉಳಿಸಿಕೊಂಡಿದ್ದೇನೆ ಅಂದುಕೊಂಡಿದ್ದೆ. “ಲಿಂಗ ಜಗಲಿ ಮ್ಯಾಲೈತೆ, ಇವತ್ತೂ ಕುಡಿಯಾಕೆ ಹೋದ್ರು ನೋಡ್ರಿ ಅತ್ತಿ” ಎಂದು ನೀನು ಕೂಗುವುದು ಬೀದಿಗೇ ಕೇಳುತ್ತಿತ್ತು. ಲಿಂಗವಿಡುವ ಬೆಳ್ಳಿ ಕರಡಿಗೆಯನ್ನೂ ಮಾರಿ ಕುಡಿದ ದಿನ ಮಾತ್ರ ನೀನು ಕೂಗಲಿಲ್ಲ. ಅದು ಇನ್ನೂ ನನ್ನ ಕಿವಿಯಲ್ಲಿದೆ.

ಇವತ್ತು ಲಿಂಗವನ್ನು ನಿನ್ನ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡಿದ್ದೇನೆ. ಸಂಜೆ ಬಂದಾಗ ಬಾಯಿ ಮೂಸಬೇಡ, ಕೊರಳು ನೋಡು. ಬರಿದಾಗಿದ್ದರೆ ಬಾಗಿಲು ತೆಗೆಯಬೇಡ.

ಕಲ್ಲೇಶ